ಶೆಡ್ಡಿನ ಸೋಲಾರ್ ರಾತ್ರಿ ಎಂಟಕ್ಕೇ ಆರಿದರೆ: ಬ್ಯಾಟರಿ ಬದಲಿಸುವ ಮೊದಲು ಎಲ್ಲೆಲ್ಲಿ ಮೀಟರ್ ಇಡಬೇಕು

ನಮ್ಮ ಅಡಿಕೆ ತೋಟ ಕಾಸರಗೋಡಿನ ಬದಿಯಡ್ಕದಿಂದ ಸ್ವಲ್ಪ ಒಳಗೆ. ಮನೆಯಿಂದ ಶೆಡ್ಡಿಗೆ ಇನ್ನೂರು ಮೀಟರ್ ಇಳಿಜಾರು, ನಡುವೆ ಒಂದು ತೋಡು. ಅಲ್ಲಿಗೆ ಕರೆಂಟ್ ಎಳೆದರೆ ಮಳೆಗಾಲದಲ್ಲಿ ಸೋಗೆ ಬಿದ್ದು ತಂತಿ ತುಂಡಾಗುವುದೇ ಕೆಲಸ. ಅದಕ್ಕೇ ಸೋಲಾರ್ ಹಾಕಿದೆ. ದೊಡ್ಡದೇನಲ್ಲ. 150 ವ್ಯಾಟಿನ ಒಂದು ಪ್ಯಾನೆಲ್, ಪ್ಯಾನೆಲಿಗೂ ಬ್ಯಾಟರಿಗೂ ನಡುವೆ ಕೂತು ಚಾರ್ಜನ್ನು ಹಿಡಿತದಲ್ಲಿಡುವ 20 ಆಂಪಿಯರಿನ ಪಿಡಬ್ಲ್ಯುಎಂ ಚಾರ್ಜ್ ಕಂಟ್ರೋಲರ್, 12 ವೋಲ್ಟ್ 100 ಎಎಚ್ (ಆಂಪಿಯರ್ ಗಂಟೆ) ಟ್ಯೂಬ್ಯುಲರ್ ಬ್ಯಾಟರಿ, ಅಂದರೆ ಲೆಡ್ ಆಸಿಡ್ ಜಾತಿಯದ್ದು. ಅದರ ಮೇಲೆ ಮೂರು ಎಲ್ಇಡಿ ದೀಪ, ಡ್ರಮ್ಮಿಗೆ ನೀರು ಎತ್ತುವ 12 ವೋಲ್ಟಿನ ಸಣ್ಣ ಪಂಪ್, ಡ್ರಿಲ್ ಚಾರ್ಜ್ ಮಾಡಲು 300 ವ್ಯಾಟಿನ ಒಂದು ಇನ್ವರ್ಟರ್.

ಎರಡು ವರ್ಷ ಚಕಾರ ಎತ್ತಲಿಲ್ಲ. ಮೂರನೆಯ ವರ್ಷ ಮಳೆ ಮುಗಿದು ಬಿಸಿಲು ಬಂದ ಮೇಲೆ ಶುರುವಾಯಿತು. ಬೆಳಗ್ಗೆ ಹನ್ನೊಂದಕ್ಕೆಲ್ಲ ಕಂಟ್ರೋಲರ್ ಮೇಲೆ ‘ಫುಲ್’ ಅಂತ ಹಸಿರು ದೀಪ. ರಾತ್ರಿ ಎಂಟಕ್ಕೆ ಶೆಡ್ಡು ಕತ್ತಲೆ. ಪಂಪ್ ಹಾಕಿದ ದಿನವಂತೂ ಸ್ವಿಚ್ ಒತ್ತಿದ ಕೂಡಲೇ ದೀಪ ಸಮೇತ ಎಲ್ಲ ಆಫ್. ಅಂಗಡಿಯಲ್ಲಿ ಕೇಳಿದೆ. “ಬ್ಯಾಟರಿ ಹೋಗಿದೆ, ಬದಲಿಸಿ” ಅಂದರು. ಹಳೆಯದನ್ನು ಎಕ್ಸ್‌ಚೇಂಜಿಗೆ ಕೊಟ್ಟು ಹೊಸದು ತಂದೆ. ಹತ್ತು ದಿನ ಚೆನ್ನಾಗಿತ್ತು. ಹನ್ನೊಂದನೆಯ ದಿನ ಮತ್ತೆ ಎಂಟಕ್ಕೇ ಕತ್ತಲೆ!

ಕೊನೆಗೆ ಸಿಕ್ಕಿದ ಕಳ್ಳ ಒಂದು ಫ್ಯೂಸ್ ಹೋಲ್ಡರ್. ಬೆರಳುದ್ದದ ಪ್ಲಾಸ್ಟಿಕ್ ಸಾಮಾನು. ಅದನ್ನು ಹುಡುಕಿದ್ದು ಹೇಗೆ, ಹುಡುಕುವಾಗ ಬೇರೆ ಏನೇನು ನೋಡಬೇಕು ಅನ್ನುವುದನ್ನು ಇಲ್ಲಿ ಬರೆಯುತ್ತಿದ್ದೇನೆ. ನಿಮ್ಮದು ಬೇರೆ ಅಳತೆಯದಾದರೂ ದಾರಿ ಇದೇ.

ಮುಟ್ಟುವ ಮೊದಲು

12 ವೋಲ್ಟ್ ಶಾಕ್ ಹೊಡೆಯುವುದಿಲ್ಲ ಅಂತ ಸಲೀಸಾಗಿ ಕೈ ಹಾಕುತ್ತೇವೆ ಅಲ್ವಾ. ಶಾಕ್ ಹೊಡೆಯುವುದಿಲ್ಲ, ನಿಜ. ಆದರೆ ಎರಡು ಟರ್ಮಿನಲ್‌ಗಳ ನಡುವೆ ಸ್ಪ್ಯಾನರ್ ಬಿದ್ದರೆ ಬ್ಯಾಟರಿಯಿಂದ ನೂರಾರು ಆಂಪಿಯರ್ ಹರಿಯುತ್ತದೆ. ಸ್ಪ್ಯಾನರ್ ಕೆಂಪಗೆ ಕಾಯುತ್ತದೆ. ಬೆರಳಿನ ಉಂಗುರ ತಾಗಿದರೆ ಬೆರಳು ಸುಟ್ಟು ಕರಕಲು. ಉಂಗುರ, ವಾಚು, ಕೈಯ ಬಳೆ ತೆಗೆದಿಡಿ. ಸ್ಪ್ಯಾನರಿನ ಹಿಡಿಗೆ ಇನ್ಸುಲೇಶನ್ ಟೇಪ್ ಸುತ್ತಿ. ಬಿಚ್ಚುವಾಗ ಮೈನಸ್ ಮೊದಲು, ಹಾಕುವಾಗ ಮೈನಸ್ ಕೊನೆಗೆ.

ಚಾರ್ಜ್ ಆಗುವ ಲೆಡ್ ಆಸಿಡ್ ಬ್ಯಾಟರಿ ಹೈಡ್ರೋಜನ್ ಬಿಡುತ್ತದೆ. ಗಾಳಿಯಲ್ಲಿ ಅದು ನೂರಕ್ಕೆ 4 ಪಾಲು ಸೇರಿದರೆ ಸಾಕು, ಒಂದು ಕಿಡಿಗೆ ಸಿಡಿಯುತ್ತದೆ. ಶೆಡ್ಡಿನ ಬಾಗಿಲು ತೆರೆದಿಟ್ಟು ಹತ್ತು ನಿಮಿಷ ಬಿಟ್ಟು ಒಳಗೆ ಹೋಗಿ. ಬೀಡಿ ಹೊರಗೇ ಇರಲಿ. ಆಸಿಡ್ ಕಣ್ಣಿಗೆ ಹಾರಿದರೆ ಕಾಲು ಗಂಟೆಯಾದರೂ ಬಿಡದೆ ನೀರು ಹಾಕಿ ತೊಳೆದು ಡಾಕ್ಟರ ಹತ್ತಿರ ಹೋಗಬೇಕು. ಒಂದು ಕೊಡ ನೀರು ಹತ್ತಿರ ಇಟ್ಟುಕೊಂಡೇ ಕೂತುಕೊಳ್ಳಿ.

ಪ್ಯಾನೆಲನ್ನು ಆಫ್ ಮಾಡುವ ಸ್ವಿಚ್ ಇಲ್ಲ. ಬೆಳಕು ಬಿದ್ದಷ್ಟು ಹೊತ್ತು ಅದರಲ್ಲಿ ಕರೆಂಟು ಉಂಟು. ಅಡಿಕೆ ಮುಚ್ಚುವ ದಪ್ಪ ಟಾರ್ಪಾಲಿನಿಂದ ಮುಚ್ಚಿಯೇ ಅದರ ವೈರ್ ಬಿಚ್ಚಿ. ಹರಿಯುತ್ತಿರುವ ಡಿಸಿ ಕರೆಂಟನ್ನು ಎಳೆದು ಬಿಡಿಸಿದರೆ ನೀಲಿ ಕಿಡಿ ಉದ್ದಕ್ಕೆ ಎಳೆದುಕೊಂಡು ಬರುತ್ತದೆ. ಮನೆಯ ಎಸಿ ಕರೆಂಟು ಸೆಕೆಂಡಿಗೆ 100 ಸಲ ಸೊನ್ನೆ ಮುಟ್ಟುತ್ತದೆ, ಹಾಗಾಗಿ ಅಲ್ಲಿ ಕಿಡಿ ತಾನಾಗಿ ಆರುತ್ತದೆ. ಡಿಸಿಯಲ್ಲಿ ಆ ಬಿಡುವೇ ಇಲ್ಲ. ಮನೆಯಲ್ಲಿ ಉಳಿದಿದ್ದ ಎಸಿ ಎಂಸಿಬಿಯನ್ನು (ಓವರ್‌ಲೋಡಿಗೆ ತಾನಾಗಿ ಬೀಳುವ ಸ್ವಿಚ್) ಸುಮ್ನೆ ಸೋಲಾರಿಗೆ ಹಾಕಬಾರದು ಅನ್ನುವುದೂ ಇದಕ್ಕೇ. ‘ಡಿಸಿ’ ಅಂತ ಬರೆದಿರುವುದೇ ಬೇಕು.

ಬಿಚ್ಚುವ ಸಾಲು ನೆನಪಿಡಿ: ಮೊದಲು ಲೋಡ್ (ಕರೆಂಟ್ ತಿನ್ನುವ ದೀಪ, ಪಂಪ್), ಆಮೇಲೆ ಪ್ಯಾನೆಲ್, ಕೊನೆಗೆ ಬ್ಯಾಟರಿ. ಜೋಡಿಸುವಾಗ ಇದರ ತಿರುಗು ಸಾಲು. ಬ್ಯಾಟರಿ ಇಲ್ಲದೆ ಪ್ಯಾನೆಲ್ ಕೊಟ್ಟರೆ ಕೆಲವು ಕಂಟ್ರೋಲರ್‌ಗಳು ಅಲ್ಲೇ ಸಾಯುತ್ತವೆ.

ಮೀಟರ್ ಒಂದು ಸಾಕು. ಸಾಧಾರಣ ಡಿಜಿಟಲ್ ಮಲ್ಟಿಮೀಟರ್. ಡಿಸಿ ಅಳೆಯುವ ಕ್ಲ್ಯಾಂಪ್ ಮೀಟರ್ ಇದ್ದರೆ ಇನ್ನೂ ಸುಲಭ. ಕೆಂಪು ವೈರನ್ನು 10 ಆಂಪಿಯರಿನ ತೂತಿನಲ್ಲೇ ಮರೆತು ಬ್ಯಾಟರಿ ವೋಲ್ಟೇಜ್ ನೋಡಲು ಹೋಗಬೇಡಿ. ಅದು ನೇರ ಶಾರ್ಟ್. ಅಗ್ಗದ ಮೀಟರುಗಳಲ್ಲಿ ಆ ತೂತಿಗೆ ಫ್ಯೂಸೂ ಇರುವುದಿಲ್ಲ.

ಮೊದಲ ಅಳತೆ: ವಿಶ್ರಾಂತಿಯಲ್ಲಿರುವ ಬ್ಯಾಟರಿ

ರಾತ್ರಿ ಲೋಡ್ ಎಲ್ಲ ತೆಗೆದಿಟ್ಟು, ಬೆಳಗ್ಗೆ ಸೂರ್ಯ ಹುಟ್ಟುವ ಮೊದಲು ಬ್ಯಾಟರಿಯ ಸೀಸದ ಟರ್ಮಿನಲ್ಲಿಗೇ ಮೀಟರ್ ಇಡಿ. ಲಗ್ಗಿನ (ವೈರಿನ ತುದಿಯ ಲೋಹದ ಕಿವಿ) ಮೇಲಲ್ಲ, ಬೋಲ್ಟಿನ ಮೇಲಲ್ಲ. 12.7 ಇದ್ದರೆ ತುಂಬಿದೆ. 12.2 ಅಂದರೆ ಅರ್ಧ. 11.8ಕ್ಕಿಂತ ಕೆಳಗೆ ಅಂದರೆ ಬರಿದಾದ ಹಾಗೆ. ಹಗಲು ಚಾರ್ಜ್ ಆಗುವಾಗ ನೋಡಿದ ವೋಲ್ಟೇಜಿನಿಂದ ಬ್ಯಾಟರಿ ಎಷ್ಟು ತುಂಬಿದೆ ಎಂದು ಹೇಳಲಾಗದು.

ನನ್ನ ಹೊಸ ಬ್ಯಾಟರಿ 12.1 ತೋರಿಸಿತು. ಹಿಂದಿನ ದಿನ ಹನ್ನೊಂದು ಗಂಟೆಗೇ ‘ಫುಲ್’ ಅಂದಿತ್ತು ಕಂಟ್ರೋಲರ್. ರಾತ್ರಿ ದೀಪವನ್ನೂ ಹಾಕಿರಲಿಲ್ಲ. ತುಂಬಿದ ಬ್ಯಾಟರಿ ಏನೂ ಖರ್ಚಿಲ್ಲದೆ ಅರ್ಧಕ್ಕೆ ಇಳಿಯುವುದು ಹೇಗೆ? ತುಂಬಿಯೇ ಇರಲಿಲ್ಲ. ಅಂದರೆ ಬ್ಯಾಟರಿ ಹಿಡಿದಿಡುತ್ತಿಲ್ಲ ಅಂತಲ್ಲ, ಅದಕ್ಕೆ ಸಿಗುತ್ತಲೇ ಇಲ್ಲ. ಇದೊಂದು ಅಳತೆಯನ್ನು ಹಳೆಯ ಬ್ಯಾಟರಿ ಕೊಡುವ ಮೊದಲೇ ಮಾಡಿದ್ದರೆ ಅಷ್ಟು ಹಣ ಉಳಿಯುತ್ತಿತ್ತು.

ಬ್ಯಾಟರಿಯದ್ದೇ ತಪ್ಪಾದರೆ ಗುರುತು ಬೇರೆ. ಬೆಳಗ್ಗೆ 12.6 ಇರುತ್ತದೆ, ಒಂದು ದೀಪ ಹಾಕಿ ಹತ್ತು ನಿಮಿಷದಲ್ಲಿ 11ಕ್ಕೆ ಕುಸಿಯುತ್ತದೆ. ಅಥವಾ ಆರು ಸೆಲ್‌ಗಳಲ್ಲಿ ಐದರ ಹೈಡ್ರೋಮೀಟರ್ (ಆಸಿಡ್ಡಿನ ಸಾಂದ್ರತೆ ನೋಡುವ ಕೊಳವೆ) ಲೆಕ್ಕ ಒಂದೇ ಥರ, ಒಂದರದ್ದು ಮಾತ್ರ ತೀರಾ ಕೆಳಗೆ. ಆ ಸೆಲ್ ಸತ್ತಿದೆ. ನೀರು ಪ್ಲೇಟಿಗಿಂತ ಕೆಳಗೆ ಇಳಿದಿದೆಯಾ ಅಂತಲೂ ನೋಡಿ. ಹಾಕುವುದಾದರೆ ಡಿಸ್ಟಿಲ್ಡ್ ವಾಟರ್ ಮಾತ್ರ. ನಮ್ಮ ಸುರಂಗದ (ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಬಾವಿ) ನೀರು ಎಷ್ಟೇ ತಿಳಿಯಾಗಿರಲಿ, ಕುಡಿಯಲು ಅಮೃತ, ಬ್ಯಾಟರಿಗೆ ವಿಷ.

ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಇರುವವರಿಗೆ ಮೇಲಿನ ಲೆಕ್ಕ ನಡೆಯುವುದಿಲ್ಲ. ಅದರ ವೋಲ್ಟೇಜ್ ಹೆಚ್ಚು ಹೊತ್ತು 13ರ ಆಸುಪಾಸಿನಲ್ಲೇ ಕೂತಿರುತ್ತದೆ, ಕೊನೆಗೆ ಒಮ್ಮೆಲೇ ಇಳಿಯುತ್ತದೆ. ಮೀಟರ್ ಸೊನ್ನೆ ತೋರಿಸಿದರೆ ಗಾಬರಿ ಬೇಡ, ಬ್ಯಾಟರಿಯನ್ನು ಕಾಯುವ ಒಳಗಿನ ಸರ್ಕ್ಯೂಟ್, ಬಿಎಂಎಸ್, ಬಾಗಿಲು ಹಾಕಿಕೊಂಡಿರಬಹುದು. ಕಂಟ್ರೋಲರಿನಲ್ಲಿ ಬ್ಯಾಟರಿಯ ಜಾತಿ ಸರಿಯಾಗಿ ಆರಿಸಿದ್ದೀರಾ ನೋಡಿ.

ಹಗಲೊಂದು ಸುಳ್ಳು, ರಾತ್ರಿಯೊಂದು ಸುಳ್ಳು

ಬೆಳಗ್ಗೆ ಹತ್ತು ಗಂಟೆ. ಬಿಸಿಲು ಚೆನ್ನಾಗಿದೆ, ಪ್ಯಾನೆಲಿನಿಂದ 8 ಆಂಪಿಯರ್ ಬರುತ್ತಿದೆ, ‘ಫುಲ್’ ದೀಪ ಇನ್ನೂ ಹತ್ತಿಲ್ಲ. ಕಂಟ್ರೋಲರಿನ ಬ್ಯಾಟರಿ ಸ್ಕ್ರೂಗಳಿಗೆ ಮೀಟರ್ ಇಟ್ಟೆ: 14.4. ಒಂದೂವರೆ ಮೀಟರ್ ಆಚೆ ಬ್ಯಾಟರಿಯ ಟರ್ಮಿನಲ್ಲಿಗೆ ಇಟ್ಟೆ: 13.5. ನಡುವೆ 0.9 ವೋಲ್ಟ್ ಎಲ್ಲಿಗೆ ಹೋಯಿತು?

ಕಂಟ್ರೋಲರಿಗೆ ಬ್ಯಾಟರಿ ಕಾಣುವುದಿಲ್ಲ. ತನ್ನ ಸ್ಕ್ರೂಗಳಲ್ಲಿ ಎಷ್ಟು ವೋಲ್ಟ್ ಉಂಟೋ ಅದೇ ಬ್ಯಾಟರಿಯದ್ದು ಅಂದುಕೊಳ್ಳುತ್ತದೆ. 14.4 ಮುಟ್ಟಿತು, ಇನ್ನು ಸಾಕು ಅಂತ ಕರೆಂಟ್ ಇಳಿಸುತ್ತಾ ಹೋಗುತ್ತದೆ. ಸ್ವಲ್ಪ ಹೊತ್ತಿಗೆ ಫ್ಲೋಟಿಗೆ (ತುಂಬಿದ ಬ್ಯಾಟರಿಯನ್ನು ಹಾಗೇ ಇಡುವಷ್ಟು ಸಣ್ಣ ಚಾರ್ಜಿಗೆ) ಇಳಿದು ಹಸಿರು ದೀಪ ಹಚ್ಚುತ್ತದೆ. ಬ್ಯಾಟರಿ ಪಾಪ, ಅರ್ಧ ಊಟಕ್ಕೇ ಎಲೆ ಎತ್ತಿದ ಹಾಗೆ ಕೂತಿರುತ್ತದೆ.

ರಾತ್ರಿ ಕರೆಂಟ್ ತಿರುಗಿ ಹರಿಯುತ್ತದೆ. ಈಗ ಸುಳ್ಳೂ ತಿರುಗುತ್ತದೆ. ದೀಪ ಮತ್ತು ಪಂಪ್ ಸೇರಿ 7 ಆಂಪಿಯರ್ ಎಳೆದರೆ ಅದೇ ಜಾಗದಲ್ಲಿ 0.8 ವೋಲ್ಟ್ ಕಳೆದುಹೋಗುತ್ತದೆ. ಬ್ಯಾಟರಿಯಲ್ಲಿ 11.9 ಇದ್ದರೂ ಕಂಟ್ರೋಲರಿಗೆ ಕಾಣುವುದು 11.1. ನನ್ನದು 11.1ಕ್ಕೆ ಲೋಡ್ ಕಡಿಯುವಂಥದ್ದು. ಕಡಿದ ಮೇಲೆ 12.6 ಕಾಣುವ ತನಕ ಮತ್ತೆ ಕೊಡುವುದಿಲ್ಲ, ಅಂದರೆ ಬೆಳಗ್ಗೆ ಬಿಸಿಲು ಏರುವ ತನಕ ಕತ್ತಲೆಯೇ. ಪಂಪಿನ ಸ್ವಿಚ್ಚಿಗೆ ದೀಪ ಆರುತ್ತಿದ್ದ ಗುಟ್ಟು ಇದು.

ಇದನ್ನು ಹುಡುಕಲು ನನಗೆ ವಾರ ಹಿಡಿಯಿತು. ಯಾಕೆಂದರೆ ನಾನು ನೋಡುತ್ತಿದ್ದದ್ದು ಸಂಜೆ, ಕೆಲಸ ಮುಗಿದ ಮೇಲೆ. ಆಗ ಹರಿವೇ ಇಲ್ಲ, ಎರಡೂ ಕಡೆ 12.3. ಜಾಯಿಂಟ್ ಕೆಟ್ಟಿದ್ದರೆ ಅದು ಕರೆಂಟ್ ಹರಿಯುವಾಗ ಮಾತ್ರ ಸಿಕ್ಕಿಬೀಳುತ್ತದೆ. ಹರಿವು ಜಾಸ್ತಿ ಇದ್ದಾಗ ಅಳೆಯಿರಿ.

ಎಲ್ಲಿ ಅಂತ ತಿಳಿಯಲು ಮೀಟರನ್ನು ವೋಲ್ಟಿನಲ್ಲೇ ಇಟ್ಟು, ಪ್ಲಸ್ ವೈರಿನ ಎರಡು ತುದಿಗಳಿಗೆ ಎರಡು ಕಡ್ಡಿ ಇಡಿ. ಪ್ಲಸ್ ಮತ್ತು ಮೈನಸ್ ನಡುವೆ ಅಲ್ಲ, ಒಂದೇ ವೈರಿನ ಈ ತುದಿ ಮತ್ತು ಆ ತುದಿ. ಒಳ್ಳೆಯ ವೈರಾದರೆ 0.1ರ ಒಳಗೆ. ನನ್ನಲ್ಲಿ ಮೈನಸ್ ವೈರ್ 0.04. ಪ್ಲಸ್ 0.86. ಹಾಗೇ ಕಡ್ಡಿಗಳನ್ನು ಹತ್ತಿರ ಹತ್ತಿರ ತಂದೆ. ಲಗ್ ದಾಟಿದೆ, ಏನಿಲ್ಲ. ಫ್ಯೂಸ್ ಹೋಲ್ಡರಿನ ಎರಡು ಬದಿಗೆ ಇಟ್ಟೆ. 0.81.

ಕೈಯಲ್ಲಿ ಮುಟ್ಟಿದರೆ ಬಿಸಿ. 8 ಆಂಪಿಯರಿಗೆ 0.8 ವೋಲ್ಟ್ ಅಂದರೆ ಆರು ವ್ಯಾಟಿನ ಮೇಲೆ ಕಾವು, ಬೆರಳುದ್ದದ ಪ್ಲಾಸ್ಟಿಕ್ಕಿನೊಳಗೆ. ತಿರುಗಿಸಿ ಬಿಚ್ಚಲು ಹೋದರೆ ಬಿಚ್ಚಲಿಲ್ಲ, ಒಂದು ಬದಿ ಕರಗಿ ಸೊಟ್ಟಗಾಗಿತ್ತು. ಕತ್ತರಿಸಿ ತೆಗೆದೆ. ಒಳಗಿನ ಸ್ಪ್ರಿಂಗಿನ ಮೇಲೆ ಹಸಿರು ನೀಲಿ ಕಿಲುಬು. ಗಾಜಿನ ಫ್ಯೂಸಿನ ತಂತಿ ಮಾತ್ರ ಗಟ್ಟಿಯಾಗಿತ್ತು. ತಂತಿ ತುಂಡಾಗಿದೆಯಾ ನೋಡುವ ಮೀಟರಿನ ಕಂಟಿನ್ಯೂಟಿಯಲ್ಲಿ ‘ಬೀಪ್’ ಅನ್ನುತ್ತಿತ್ತು. ಬೀಪ್ ಅಂದ ಮಾತ್ರಕ್ಕೆ ಸರಿಯಿದೆ ಅನ್ನಲಾಗದು, ಅದನ್ನು ನಾನು ಆವತ್ತು ಕಲಿತೆ.

ಕಿಲುಬು ಎಲ್ಲಿಂದ ಬಂತು? ತಲೆ ಎತ್ತಿದರೆ ಅಟ್ಟದಲ್ಲಿ ಮೈಲುತುತ್ತಿನ (ಕಾಪರ್ ಸಲ್ಫೇಟ್) ಚೀಲ. ಅಡಿಕೆಯ ಕೊಳೆರೋಗಕ್ಕೆ ಸಿಂಪಡಿಸುವ ಬೋರ್ಡೋ ಮದ್ದು ಕಲಸುವುದು ಇದೇ ಶೆಡ್ಡಿನಲ್ಲಿ. 100 ಲೀಟರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಆ ಹುಡಿ, ಮಳೆಗಾಲದ ತೇವ, ಬ್ಯಾಟರಿಯಿಂದ ಏಳುವ ಆಸಿಡ್ ಆವಿ, ಮೂರೂ ಒಂದೇ ಮೂಲೆಯಲ್ಲಿ. ಎರಡು ವರ್ಷ ಬಾಳಿದ್ದೇ ಹೆಚ್ಚು.

ಈಗ ಚೀಲ ಎದುರು ಗೋಡೆಗೆ ಹೋಗಿದೆ. ಕಂಟ್ರೋಲರ್ ಬ್ಯಾಟರಿಯ ನೆತ್ತಿಯ ಮೇಲಿಲ್ಲ, ಪಕ್ಕಕ್ಕೆ ಸರಿದಿದೆ. ಫ್ಯೂಸ್ ಮುಚ್ಚಳ ಇರುವ ಬ್ಲೇಡ್ ಹೋಲ್ಡರಿನಲ್ಲಿ, 25 ಆಂಪಿಯರಿನದ್ದು, ಬ್ಯಾಟರಿಯ ಪ್ಲಸ್ಸಿನಿಂದ ಒಂದು ಗೇಣಿನ ಒಳಗೆ. ಫ್ಯೂಸ್ ಇರುವುದು ವೈರನ್ನು ಕಾಯಲು. ಬ್ಯಾಟರಿಗೂ ಫ್ಯೂಸಿಗೂ ನಡುವಿನ ವೈರಿಗೆ ಕಾವಲು ಇಲ್ಲ, ಆ ತುಂಡು ಎಷ್ಟು ಚಿಕ್ಕದೋ ಅಷ್ಟು ಒಳ್ಳೆಯದು. ವೈರ್ 6 ಸ್ಕ್ವೇರ್ ಎಂಎಂ, ಲಗ್ ಕ್ರಿಂಪ್ ಮಾಡಿದ್ದು. ಕಟಿಂಗ್ ಪ್ಲೇಯರಿನಲ್ಲಿ ಹಿಂಡಿದ್ದು ಕ್ರಿಂಪ್ ಅಲ್ಲ. ಟರ್ಮಿನಲ್ಲಿನ ಬಿಳಿ ಹುಡಿಯನ್ನು ಸೋಡಾಪುಡಿ ನೀರಿನಲ್ಲಿ ಉಜ್ಜಿ ಒರೆಸಿ ಮೇಲೆ ವ್ಯಾಸಲಿನ್ ಹಚ್ಚಿದೆ. ಸೋಡಾ ನೀರು ಸೆಲ್ಲಿನೊಳಗೆ ಬೀಳಬಾರದು.

ಹೊಸ ಅಳತೆ: ಕಂಟ್ರೋಲರಿನಲ್ಲಿ 13.6, ಬ್ಯಾಟರಿಯಲ್ಲಿ 13.5. ‘ಫುಲ್’ ದೀಪ ಹತ್ತಿದ್ದು ಮೂರನೆಯ ದಿನ ಮಧ್ಯಾಹ್ನ ಎರಡೂವರೆಗೆ.

ಬೇರು ಅಲ್ಲಿಲ್ಲದಿದ್ದರೆ ಮೇಲೆ ನೋಡಿ

ಎರಡೂ ಕಡೆ ವೋಲ್ಟೇಜ್ ಸರಿಯಿದ್ದೂ ಚಾರ್ಜ್ ಆಗದಿದ್ದರೆ ಪ್ಯಾನೆಲ್ ಕಡೆ ಹೋಗಬೇಕು. ವೈರ್ ಬಿಚ್ಚಿ ಮಧ್ಯಾಹ್ನ ಅಳೆದರೆ 36 ಸೆಲ್ಲಿನ ‘12 ವೋಲ್ಟ್’ ಪ್ಯಾನೆಲ್ 21, 22 ತೋರಿಸಬೇಕು. ಕಾದು ಕೂತದ್ದು 19, 20 ತೋರಿಸಿದರೂ ಸರಿ, ಬಿಸಿಗೆ ಇಳಿಯುತ್ತದೆ. ಸರಿಯಾಗಿ ಅರ್ಧ, ಹತ್ತರ ಹತ್ತಿರ ಬಂದರೆ ಹಿಂದಿನ ಡಬ್ಬಿಯ ಬೈಪಾಸ್ ಡಯೋಡ್ (ನೆರಳು ಬಿದ್ದ ಸೆಲ್‌ಗಳನ್ನು ಬಳಸಿ ಕರೆಂಟಿಗೆ ದಾರಿ ಕೊಡುವ ಭಾಗ) ಶಾರ್ಟ್ ಆಗಿರುತ್ತದೆ. ಗುಡುಗಿನ ಮರುದಿನ ಇದು ಸಾಮಾನ್ಯ.

ವೋಲ್ಟ್ ಪೂರ್ತಿ ಇದ್ದು ಆಂಪಿಯರ್ ಮಾತ್ರ ಇಲ್ಲದಿದ್ದರೆ ಕೊಳೆ ಅಥವಾ ನೆರಳು. ನೆರಳು ವೋಲ್ಟೇಜನ್ನು ಅಷ್ಟಾಗಿ ಮುಟ್ಟುವುದಿಲ್ಲ, ಕರೆಂಟನ್ನು ನುಂಗುತ್ತದೆ. ಸೆಲ್‌ಗಳು ಸಾಲಾಗಿ ಕೈಹಿಡಿದು ನಿಂತಿವೆ. ಒಂದು ಸೆಲ್ಲಿನ ಮೇಲೆ ಅಡಿಕೆ ಮರದ ಸಪೂರ ನೆರಳು ಬಿದ್ದರೂ ಇಡೀ ಸಾಲು ಅದರ ನಡಿಗೆಗೆ ಇಳಿಯುತ್ತದೆ.

ನಮ್ಮ ಕಡೆ ನೆರಳಿನದ್ದೊಂದು ತಮಾಷೆ ಉಂಟು. ಕಾಸರಗೋಡು ಹನ್ನೆರಡೂವರೆ ಡಿಗ್ರಿ ಉತ್ತರದಲ್ಲಿದೆ. ಏಪ್ರಿಲ್ ಕೊನೆಯಿಂದ ಆಗಸ್ಟ್ ಮೂರನೆಯ ವಾರದ ತನಕ ಮಧ್ಯಾಹ್ನದ ಸೂರ್ಯ ನೆತ್ತಿಯಿಂದ ಉತ್ತರಕ್ಕೆ ಇರುತ್ತಾನೆ. ಮೇ ತಿಂಗಳಲ್ಲಿ ಪ್ಯಾನೆಲ್ ಹಾಕಿದವರಿಗೆ ದಕ್ಷಿಣದ ಮರ ಲೆಕ್ಕಕ್ಕೇ ಬರುವುದಿಲ್ಲ. ಡಿಸೆಂಬರಿಗೆ ಸೂರ್ಯ ದಕ್ಷಿಣಕ್ಕೆ ವಾಲಿದಾಗ 15 ಮೀಟರ್ ಮರದ ಮಧ್ಯಾಹ್ನದ ನೆರಳು ಉತ್ತರಕ್ಕೆ 11 ಮೀಟರ್ ಚಾಚುತ್ತದೆ. ‘ಬೇಸಿಗೆಯಲ್ಲಿ ಸರಿಯಿತ್ತು, ಈಗ ಬಿಸಿಲಿದ್ದೂ ಚಾರ್ಜ್ ಇಲ್ಲ’ ಅನ್ನುವವರು ಒಂದು ದಿನ ಹತ್ತರಿಂದ ಮೂರರ ತನಕ ಗಂಟೆಗೊಮ್ಮೆ ಹೋಗಿ ಬರೀ ಕಣ್ಣಲ್ಲಿ ಪ್ಯಾನೆಲ್ ನೋಡಲಿ. ಮೀಟರ್ ಬೇಡ.

ಕೊಳೆಯಲ್ಲಿ ಹಕ್ಕಿ ಹಿಕ್ಕೆ, ಕೆಳಗಿನ ಫ್ರೇಮಿನ ಅಂಚಿನ ಪಾಚಿ ಎಲ್ಲರಿಗೂ ಗೊತ್ತು. ಅಡಿಕೆ ತೋಟದಲ್ಲಿ ಇನ್ನೊಂದು ಇದೆ. ಮದ್ದು ಬಿಡುವಾಗ ಗಾಳಿಗೆ ಬಂದು ಕೂರುವ ಬೋರ್ಡೋ ಹನಿ. ಮಳೆಗೂ ತೊಳೆದು ಹೋಗಬಾರದು ಅಂತಲೇ ಮಾಡಿದ ಮದ್ದು ಅದು. ಗೊನೆಗೆ ಹೇಗೋ ಗಾಜಿಗೂ ಹಾಗೇ ಅಂಟುತ್ತದೆ. ಒಣಗಿದರೆ ತೆಳು ನೀಲಿ ಬಿಳಿ ಪೊರೆ. ಬರೀ ನೀರಿಗೆ ಬಗ್ಗುವುದಿಲ್ಲ. ನೀರು ಬೆರೆಸಿದ ವಿನೆಗರಿನಲ್ಲಿ ಬಟ್ಟೆ ಅದ್ದಿ ಒರೆಸಿ, ಕೂಡಲೇ ಧಾರಾಳ ನೀರಿನಲ್ಲಿ ತೊಳೆಯಿರಿ. ಬೆಳಗ್ಗೆ ಗಾಜು ತಣ್ಣಗಿರುವಾಗಲೇ ಮಾಡಿ. ಮದ್ದು ಬಿಡುವ ದಿನ ಟಾರ್ಪಾಲು ಹೊದೆಸಿದರೆ ಈ ರಗಳೆಯೇ ಇಲ್ಲ.

ವೈರ್ ಸಪೂರ ಇದ್ದರೂ ಕಳವು ಉಂಟು. 2.5 ಸ್ಕ್ವೇರ್ ತಾಮ್ರದ ವೈರಿನಲ್ಲಿ 10 ಮೀಟರ್ ದೂರಕ್ಕೆ 8 ಆಂಪಿಯರ್ ಕಳಿಸಿದರೆ ಹೋಗಿ ಬರುವುದರಲ್ಲಿ ಸುಮಾರು 1.2 ವೋಲ್ಟ್ ಸೋರುತ್ತದೆ. 6 ಸ್ಕ್ವೇರಿನಲ್ಲಿ ಅರ್ಧ ವೋಲ್ಟ್.

ಖರ್ಚಿನ ಕಡೆ

ಇನ್ವರ್ಟರಿನ ಸ್ವಿಚ್ ಆನ್ ಇದ್ದರೆ ಏನೂ ಜೋಡಿಸದೆಯೂ ಅದು ಅರ್ಧದಿಂದ ಒಂದು ಆಂಪಿಯರ್ ತಿನ್ನಬಹುದು. ಒಂದು ದಿನಕ್ಕೆ 12ರಿಂದ 24 ಎಎಚ್. 100 ಎಎಚ್ ಬ್ಯಾಟರಿಯಲ್ಲಿ ನಾವು ಬಳಸಬೇಕಾದದ್ದೇ ಅರ್ಧ, ಅದರಲ್ಲಿ ಕಾಲುಪಾಲಿನಿಂದ ಅರ್ಧಪಾಲಿನ ತನಕ ಸುಮ್ನೆ ಹೋಯಿತು. ಇನ್ವರ್ಟರನ್ನು ಕಂಟ್ರೋಲರಿನ ಲೋಡ್ ಸ್ಕ್ರೂಗಳಿಗೆ ಕೊಡಬೇಡಿ. 300 ವ್ಯಾಟ್ ಅಂದರೆ 12 ವೋಲ್ಟಿನಲ್ಲಿ 25 ಆಂಪಿಯರಿನ ಮೇಲೆ. ಅದಕ್ಕೆ ಬ್ಯಾಟರಿಯಿಂದಲೇ ಬೇರೆ ದಪ್ಪ ವೈರ್, ಬೇರೆ ಫ್ಯೂಸ್. ಅದರಿಂದ ಹೊರಗೆ ಬರುವ 230 ವೋಲ್ಟ್ ಮನೆಯ ಲೈನಿನಷ್ಟೇ ಕೊಲ್ಲುತ್ತದೆ, ಒದ್ದೆ ನೆಲದಲ್ಲಿ ಕೇಳುವುದೇ ಬೇಡ. ಆ ಬದಿಯ ವೈರಿಂಗ್ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ನರೇ ಮಾಡಲಿ.

ಆಟಿಯಲ್ಲಿ (ಜುಲೈ, ಆಗಸ್ಟಿನ ತುಳು ತಿಂಗಳು) ಮೂರು ದಿನ ಬಿಡದೆ ಮಳೆ ಹೊಡೆದು ಬ್ಯಾಟರಿ ಬರಿದಾದರೆ ಅದು ದೋಷ ಅಲ್ಲ. ವರ್ಷಕ್ಕೆ ಸುಮಾರು 3500 ಮಿಲಿಮೀಟರ್ ಮಳೆ ಬೀಳುವ ಊರು ನಮ್ಮದು. ಆ ದಿನಗಳಲ್ಲಿ ಒಂದೇ ದೀಪ ಸಾಕು ಅಂತ ಇಟ್ಟುಕೊಳ್ಳಿ. ಬರಿದಾದ ಬ್ಯಾಟರಿಯನ್ನು ವಾರಗಟ್ಟಲೆ ಹಾಗೇ ಬಿಡಬೇಡಿ, ಪ್ಲೇಟಿನಲ್ಲಿ ಸಲ್ಫೇಟ್ ಗಟ್ಟಿಯಾದರೆ ಆಮೇಲೆ ಬಿಸಿಲು ಬಂದೂ ಪ್ರಯೋಜನ ಇಲ್ಲ.

ತುಲಾ ತಿಂಗಳ (ಅಕ್ಟೋಬರ್, ನವೆಂಬರ್) ಮಧ್ಯಾಹ್ನದ ಗುಡುಗು ಇನ್ನೊಂದು ಕಾಟ. ಪ್ಯಾನೆಲಿನ ಫ್ರೇಮಿಗೆ ಅರ್ತ್ ಇರಲಿ, ಪ್ಯಾನೆಲ್ ವೈರ್ ಒಳಬರುವಲ್ಲಿ ಡಿಸಿ ಸರ್ಜ್ ಪ್ರೊಟೆಕ್ಟರ್ ಇರಲಿ. ನೇರ ಸಿಡಿಲಿಗೆ ಯಾವುದೂ ತಡೆಯಲ್ಲ, ಹತ್ತಿರ ಬಿದ್ದದ್ದಕ್ಕೆ ತಡೆಯಬಹುದು. ಪ್ಯಾನೆಲ್ ವೈರನ್ನು ಕಂಟ್ರೋಲರಿನಿಂದ ಬೇರ್ಪಡಿಸುವ ಡಿಸಿ ಐಸೊಲೇಟರ್ ಹಾಕಿದ್ದರೆ ಮೋಡ ಕಟ್ಟುವಾಗಲೇ ಅದನ್ನು ಇಳಿಸಿ. ಗುಡುಗು ಶುರುವಾದ ಮೇಲೆ ಓಡಿಹೋಗಿ ವೈರ್ ಮುಟ್ಟುವ ಧೈರ್ಯ ಬೇಡ.

ನನ್ನದು ಸರಿಯಾದ ವಾರ ಆಚೆ ತೋಟದ ಭಾವ ಫೋನ್ ಮಾಡಿದರು. “ನಮ್ಮದೂ ಎಂಟಕ್ಕೇ ಆರ್ತದೆ ಮಾರಾಯಾ. ಫ್ಯೂಸ್ ಹೋಲ್ಡರ್ ತಂದಿದ್ದೇನೆ, ಬಂದು ಹಾಕಿಕೊಡು.”

“ಅದನ್ನು ಅಲ್ಲೇ ಇಡಿ ಭಾವ. ಮೊದಲು ಮೀಟರ್ ತರ್ತೇನೆ.”

ಅವರಲ್ಲಿ ಎರಡೂ ಕಡೆ ಒಂದೇ ವೋಲ್ಟೇಜ್. ಪ್ಯಾನೆಲ್ ಸ್ವಚ್ಛ. ಇನ್ವರ್ಟರ್ ಆಫ್. ಕಂಟ್ರೋಲರಿನ ಪ್ಯಾನೆಲ್ ಸ್ಕ್ರೂಗಳ ಕೆಳಗೆ ಸಣ್ಣಗೆ ಮಣ್ಣು ಉದುರಿತ್ತು. ಟಾರ್ಪಾಲು ಹೊದೆಸಿ, ಸಾಲು ಪ್ರಕಾರ ವೈರ್ ಬಿಚ್ಚಿ, ಮುಚ್ಚಳ ತೆಗೆದರೆ ಒಳಗಡೆ ಇರುವೆ ಗೂಡು, ಮೊಟ್ಟೆ ಸಮೇತ. ಗೂಡು ಕೆರೆದು, ಸ್ಕ್ರೂ ಉಜ್ಜಿ, ವೈರ್ ಹೋಗುವ ತೂತಿಗೆ ಸಿಲಿಕಾನ್ ತುಂಬಿದೆವು. ಫ್ಯೂಸ್ ಹೋಲ್ಡರನ್ನು ಭಾವ ಮರುದಿನ ಅಂಗಡಿಗೆ ವಾಪಸ್ ಕೊಟ್ಟು ಬಂದರು.